ಅಪ್ಪ ಬಡಿದ ಚಿನ್ನದ ರೇಕು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಉಸಿರು ಬಿಡಲೂ ಅಪ್ಪನ ಅಪ್ಪಣೆ ಬೇಕಿತ್ತು. ಅಪ್ಪ ಕೊರಟಗೆರೆಯಲ್ಲಿ ಚಿನ್ನದ ಕೆಲಸ ಮಾಡುತ್ತಿದ್ದರು. ಚರ್ಮದ ಹಾಳೆಗಳ ನಡುವೆ ಚಿನ್ನವಿಟ್ಟು ಬಡಿದು, ಈರುಳ್ಳಿ ಸಿಪ್ಪೆಗಿಂತ ತೆಳ್ಳನೆಯ ರೇಕು ತೆಗೆಯುತ್ತಿದ್ದರು. ಯಾರಾದರೂ ಸೀನಿದರೆ ಹಾರಿಯೇ ಹೋಗುತ್ತಿತ್ತು.

ಆ ವರ್ಷ ಅಕ್ಕನ ಕೆನ್ನೆಯೊಳಗೆ ವಾಸಿಯಾಗದ ಕ್ಯಾನ್ಸರ್ ಹುಣ್ಣಾಗಿತ್ತು. ಬೆಂಗಳೂರಿನಿಂದ ಡಾಕ್ಟರೊಬ್ಬರು ಸೀಸದ ಪೆಟ್ಟಿಗೆಯಲ್ಲಿ, ಒಳಗೆ ರೇಡಿಯಂ ತುಂಬಿ ಬೆಸೆದ ಮೂರು ಸೂಜಿ ತಂದರು. ಹುಣ್ಣಿಗೆ ಮೂರನ್ನೂ ಚುಚ್ಚಿಟ್ಟರೆ ಅಕ್ಕ ಉಳಿಯಬಹುದಿತ್ತು. ಆದರೆ ಸೂಜಿಯ ಬೆಸುಗೆ ಬಿರಿದಿದ್ದರೆ ಕಾಣದ, ವಾಸನೆಯೂ ಇಲ್ಲದ ವಿಷಗಾಳಿ ಸೋರುತ್ತದಂತೆ.

ಅಪ್ಪ ಸೂಜಿಗಳನ್ನು ಇಕ್ಕಳದಲ್ಲಿ ಹಿಡಿದು ನೀರಿಗೆ ಅದ್ದಿದರು. ಗುಳ್ಳೆ ಏಳಲಿಲ್ಲ.

"ಬೆಸ್ಗೆ ಗಟ್ಟಿ ಐತೆ ಸ್ವಾಮಿ. ಹೆಂಗೆ ಸೋರ್ತದೆ?"

"ಗುಳ್ಳೆ ಏಳೋವಷ್ಟು ಸೋರಲ್ಲ ಇದು," ಎಂದರು ಡಾಕ್ಟರು. ಒಂದೊಂದು ಸೂಜಿಯನ್ನೂ ಒಂದೊಂದು ಸೀಸೆಯಲ್ಲಿ ಹತ್ತಿಯ ಜೊತೆ ಹಾಕಿ, ಬಿರಡೆ ಬಿಗಿದು, ಒಂದು ದಿನ ಬಿಟ್ಟರು. ಸೋರಿದ್ದರೆ ವಿಷ ಹತ್ತಿಗೆ ಅಂಟುತ್ತದಂತೆ. ಸೋರಿಕೆ ಪತ್ತೆಗೆಂದು ಅವರು ತಂದಿದ್ದ ಗಾಜಿನ ಪೆಟ್ಟಿಗೆಯೊಳಗಿನ ಚಿನ್ನದ ರೇಕು ಬಸ್ಸಿನ ಕುಲುಕಾಟಕ್ಕೆ ಹರಿದಿತ್ತು. ಅಪ್ಪನೇ ಹೊಸದು ಬಡಿದು ಕೊಟ್ಟರು.

ಮರುದಿನ ಸೂಜಿಗಳನ್ನು ದೂರ ಇರಿಸಿ, ಹತ್ತಿಯನ್ನಷ್ಟೇ ಅಪ್ಪನ ಕೆಲಸದ ಕೋಣೆಗೆ ತಂದರು. ರೇಷ್ಮೆಗೆ ಉಜ್ಜಿದ ಅರಗಿನ ಕಡ್ಡಿ ತಾಕಿಸಿದೊಡನೆ ಪೆಟ್ಟಿಗೆಯ ರೇಕು ರೆಕ್ಕೆಯಂತೆ ಬಿಚ್ಚಿಕೊಂಡಿತು. ಹತ್ತಿಯಲ್ಲಿ ವಿಷವಿದ್ದರೆ ಅದು ಮಡಚಿಕೊಳ್ಳುತ್ತದಂತೆ. ಇದ್ದಿಲು, ಅರಗಿನ ವಾಸನೆ. ಎಲ್ಲರೂ ಕಲ್ಲಾಗಿ ನಿಂತಿದ್ದೆವು.

"ಉಸ್ರು ಬುಡ್ಲಾ ಬ್ಯಾಡ್ವಾ ಅಪ್ಪ?" ಅಕ್ಕ ಕೆಣಕಿದಳು.

"ಸುಮ್ಕಿರು ಕಣಮ್ಮ."

ಮೊದಲೆರಡು ಹತ್ತಿಯನ್ನು ಪೆಟ್ಟಿಗೆಯೊಳಗಿಟ್ಟಾಗ ರೇಕು ಬಿಚ್ಚಿದಂತೆಯೇ ನಿಂತಿತು. ಮೂರನೆಯದಕ್ಕೆ, ಯಾರೂ ಮುಟ್ಟದಿದ್ದರೂ, ಮೆಲ್ಲಗೆ ಮಡಚಿಕೊಂಡಿತು.

"ನಾನು ಉಸ್ರು ಬುಡ್ಲಿಲ್ಲ ಕಣಪ್ಪ," ಎಂದಳು ಅಕ್ಕ, ಸಣ್ಣ ದನಿಯಲ್ಲಿ.

ಡಾಕ್ಟರು ಗಡಿಯಾರ ಹಿಡಿದು ಮತ್ತೆ ನೋಡಿದರು. ರೇಕು ಎಷ್ಟು ಬೇಗ ಬೀಳುತ್ತದೋ ಸೋರಿಕೆ ಅಷ್ಟು ಹೆಚ್ಚು. ಆಗದು ಎಂದು ತಲೆಯಾಡಿಸಿದರು.

"ಸೋರಿದ್ರೆ ಸೋರ್ಲಿ, ಮೂರೂ ಹಾಕ್ಬುಡಿ ಸ್ವಾಮಿ," ಅಪ್ಪ ಕೈಮುಗಿದರು. ಅವರು ಯಾರಿಗೂ ಹಾಗೆ ಕೈಮುಗಿದದ್ದನ್ನು ನಾನು ಕಂಡಿರಲಿಲ್ಲ.

"ಗೊತ್ತಿದ್ದೂ ವಿಷ ಚುಚ್ಚಲಾರೆ. ಎರಡು ಸಾಲೋದಿಲ್ಲ. ಬೇರೆ ತರ್ತೀನಿ."

ಅವರು ತಂದಾಗ ಅಕ್ಕ ಇರಲಿಲ್ಲ.

"ನಾನು ಬಡಿದ ಚಿನ್ನನೇ ಬ್ಯಾಡ ಅಂತು ಕಣ್ಲಾ," ಎಂದು ಅಪ್ಪ ಒಮ್ಮೆ ಹೇಳಿದರು. ಮತ್ತೆ ರೇಕು ಬಡಿಯಲಿಲ್ಲ. ನಾನು ಶಾಲೆ ಬಿಟ್ಟು ಸುತ್ತಿಗೆ ಹಿಡಿದೆ. ನನ್ನ ಕೆಲಸದಲ್ಲಿ ಇವತ್ತಿನವರೆಗೂ ಯಾರೂ ತಪ್ಪು ಹುಡುಕಿಲ್ಲ.

ಮಕ್ಕಳೇ, ನಿಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುತ್ತದೆ, "ತಾತಾ" ಎಂದು ಕೂಗಿ ಕಿಟಕಿ ತೆರೆಯುತ್ತೀರಿ. ನೀವು ನನ್ನ ಕೋಣೆಗೆ ಏದುಸಿರು ಬಿಡುತ್ತಾ ನುಗ್ಗಿದಾಗ ರೇಕು ಹಾರಿದರೂ ನಾನು ಗದರುವುದಿಲ್ಲ. ಒಬ್ಬನೇ ಇದ್ದಾಗ ಅದು ತಾನಾಗಿ ಮಡಚಿಕೊಂಡರೆ ಮಾತ್ರ, ಅಕ್ಕ ಉಸಿರು ಬಿಟ್ಟಳೇನೋ ಎಂದು ಬಾಗಿಲ ಕಡೆ ನೋಡುತ್ತೇನೆ.