ರತ್ನಾವತಿಯಕ್ಕನ ಅಡ್ಡಗೆರೆ

ಮರಾಠಿ ಸೀಮೆಯ ವಿಠ್ಠಲವಾಡಿ ಸ್ಟೇಷನ್ನಿನ ಹೊರಗೆ, ರಿಕ್ಷಾ ಸ್ಟ್ಯಾಂಡಿನ ಪಕ್ಕದಲ್ಲಿ ರತ್ನಾವತಿಯಕ್ಕನ ಝೆರಾಕ್ಸ್ ಅಂಗಡಿಯಿದೆ. ಐದು ನಿಮಿಷದ ಕೆಲಸಕ್ಕೆ ಅಲ್ಲಿ ಅರ್ಧ ಗಂಟೆ ಬೇಕು. ಕಲ್ಯಾಣದ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ನಾನು, ಹರಿಶ್ಚಂದ್ರ, ಸ್ವಭಾವತಃ ಅವಸರದ ಪ್ರಾಣಿ. ಆ ಸಾಲಿನಲ್ಲಿ ನಿಂತಾಗಲೆಲ್ಲ ನನಗೆ ಪಿತ್ತ ನೆತ್ತಿಗೇರುತ್ತಿತ್ತು.

ಕಾರಣ ಅವರದೊಂದು ಚಾಳಿ. ಆಧಾರ್ ಕಾರ್ಡಿನ ಪ್ರತಿ ತೆಗೆದರೆ ಹಾಗೇ ಕೈಗೆ ಕೊಡುವವರಲ್ಲ. ಅದರ ಮೇಲೆ ಮೂಲೆಯಿಂದ ಮೂಲೆಗೆ ಎರಡು ಅಡ್ಡಗೆರೆ ಎಳೆದು, ಯಾತಕ್ಕೆ, ಯಾರಿಗೆ ಎಂದು ಕೇಳಿ, ನಡುವೆ ಅದನ್ನು ದುಂಡು ಕನ್ನಡದಲ್ಲಿ ಬರೆದು ತಾರೀಕು ಹಾಕುತ್ತಾರೆ. ಅವರ ತಂದೆ ಕುಂದಾಪುರದ ತಾಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಯಾವ ಅರ್ಜಿಯಲ್ಲೂ ಖಾಲಿ ಜಾಗ ಬಿಡುತ್ತಿರಲಿಲ್ಲವಂತೆ. ಗಂಡ ವಸಂತಕುಮಾರ ತೀರಿಕೊಂಡ ಮೇಲೆ ಅಕ್ಕ ಈ ಮೆಷಿನ್ನು ಇಟ್ಟರು, ತಂದೆಯ ಚಾಳಿಯನ್ನೂ ಜೊತೆಗೆ ತಂದರು. ಒಮ್ಮೆ ನಾನು, ಎರಡು ರೂಪಾಯಿಯ ಝೆರಾಕ್ಸಿಗೆ ಮಹಾಭಾರತ ಬರೆಯಬೇಕೇ ಎಂದು ಕೇಳಿಯೇಬಿಟ್ಟೆ. ಅಕ್ಕ ತಲೆ ಎತ್ತಲಿಲ್ಲ.

"ನಿಮ್ಮ ರೈಲು ಇನ್ನೆಲ್ಲಿಗೂ ಹೋಗ್ಲಿಕ್ಕಿಲ್ಲ ಹರಿಶ್ಚಂದ್ರಣ್ಣ, ನಿಂತ್ಕೊಳ್ಳಿ."

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಪಕ್ಕದ ಓಣಿಯ ಸಾಬವ್ವ ನಮ್ಮ ಬಾಗಿಲಿಗೆ ಬಂದಳು. ಅವಳ ಗಂಡ ಮಾಪಣ್ಣ ಕಲಬುರಗಿ ಕಡೆಯವನು, ಕಟ್ಟಡದ ಕೆಲಸದಲ್ಲಿ ಸಿಮೆಂಟು ಹೊರುವವನು. ಹಿಂದಿನ ದಿನ ಭಯೋತ್ಪಾದನೆ ತಡೆಯುವ ಪೊಲೀಸರು ಅವನನ್ನು ಕರೆದೊಯ್ದಿದ್ದರು. ಸಾನಪಾಡಾದ ಒಂದು ಬಾಡಿಗೆ ಖೋಲಿಯಲ್ಲಿ ಯಾವನೋ ಎರಡು ತಿಂಗಳಿದ್ದು ಮಾಯವಾಗಿದ್ದ. ಹೊರದೇಶದಿಂದ ಅವನಿಗೆ ಅಪ್ಪಣೆಗಳು ಬರುತ್ತಿದ್ದವಂತೆ. ಖೋಲಿಯ ಕಾಗದಪತ್ರದಲ್ಲಿ ಸಿಕ್ಕಿದ್ದು ಮಾಪಣ್ಣನ ಆಧಾರ್ ಪ್ರತಿ. ಮಾಲೀಕ ಬೇರೆ ಊರಿನಲ್ಲಿದ್ದ, ವ್ಯವಹಾರವೆಲ್ಲ ದಲಾಲನದು, ಪ್ರತಿಯಲ್ಲಿನ ಫೋಟೋ ಬರೀ ಕಪ್ಪು ಮಸಿ. ಆ ಮುಖ ಯಾರದೂ ಆಗಬಹುದಿತ್ತು.

ಸಾಬವ್ವನಿಗೆ ಮರಾಠಿ ಅಷ್ಟಕ್ಕಷ್ಟೆ, ಜೊತೆಗೆ ಬನ್ನಿ ಎಂದಳು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಇಂಥ ಕೇಸಿನಲ್ಲಿ ಮೂಗು ತೂರಿಸಿದರೆ ನನ್ನ ಹೆಸರೂ ಎಲ್ಲಾದರೂ ಸೇರಿಕೊಂಡೀತು ಎಂದು ನಾನು ಹಿಂದೆ ಮುಂದೆ ನೋಡಿದೆ. ಅವಳು ಅಳಲಿಲ್ಲ, ಹೋಗಲೂ ಇಲ್ಲ, ಬಾಗಿಲಲ್ಲೇ ನಿಂತಳು. ಕೊನೆಗೆ ಚಪ್ಪಲಿ ಮೆಟ್ಟಿಕೊಂಡೆ.

ಠಾಣೆ ನಗರದ ಆ ಪೊಲೀಸ್ ಕಚೇರಿಯಲ್ಲಿದ್ದ ಅಧಿಕಾರಿ ಗದರಲಿಲ್ಲ, ಕೂರಿಸಿ ಮಾತಾಡಿದರು. ಅದಕ್ಕೆ ಅವರ ಋಣ ನನ್ನ ಮೇಲಿದೆ. ಬಡವರ ಹೆಸರಿನಲ್ಲಿ ಖೋಲಿ ಹಿಡಿಯುವುದು ಈ ಜಾಲದವರ ಪದ್ಧತಿ, ಮಾಪಣ್ಣ ಕಾಗದವನ್ನು ತಿಳಿದು ಕೊಟ್ಟನೇ ಎಂಬುದಷ್ಟೇ ತಮಗೆ ಗೊತ್ತಾಗಬೇಕು ಎಂದರು. ತಿಳಿದೇ ಕೊಟ್ಟಿದ್ದರೆ ವರ್ಷಗಟ್ಟಲೆ ಹೊರಗೆ ಬರುವ ಮಾತಿಲ್ಲ. ಬೆಂಚಿನ ಮೇಲಿದ್ದ ಮಾಪಣ್ಣ ತಾನು ಸಾನಪಾಡಾವನ್ನೇ ನೋಡಿಲ್ಲವೆಂದು ಹೇಳಿದ್ದನ್ನೇ ಹೇಳುತ್ತಿದ್ದ.

ಅಧಿಕಾರಿ ಆ ಪ್ರತಿಯನ್ನು ನನ್ನ ಮುಂದಿಟ್ಟರು. ಕಾರ್ಡು ಕಲಬುರಗಿಯಲ್ಲಿ ಮಾಡಿಸಿದ್ದು, ಅದರಲ್ಲಿ ಕನ್ನಡವಿರುವುದು ಸಹಜ. ಹೆಸರಿನ ಮೇಲೆ ಹಾದುಹೋದ ಮಾಸಲು ಅಕ್ಷರಗಳೂ ಕಾರ್ಡಿನವೇ ಎಂದು ಕನ್ನಡ ಓದಲು ಬಾರದ ದಲಾಲನೂ ತಿಳಿದಿದ್ದ, ಪೊಲೀಸರೂ ತಿಳಿದಿದ್ದರು. ನಾನು ಕನ್ನಡಕ ಏರಿಸಿಕೊಂಡೆ. ಎರಡು ಅಡ್ಡಗೆರೆ, ನಡುವೆ ಆ ದುಂಡು ಬರಹ.

"ಕಾರ್ಮಿಕ ಕಾರ್ಡಿಗೆ ಮಾತ್ರ. ಏಜೆಂಟ್ ಲಕ್ಷ್ಮೀಕಾಂತನಿಗೆ ಕೊಟ್ಟದ್ದು. 14-6-2023."

ಬೆರಳಿಟ್ಟು ಗಟ್ಟಿಯಾಗಿ ಓದಿ, ಇದು ನಮ್ಮ ಝೆರಾಕ್ಸ್ ಅಂಗಡಿಯ ಅಕ್ಕನ ಕೈಬರಹವೆಂದೆ. ಅಧಿಕಾರಿ ಮರಾಠಿಯಲ್ಲಿ ಮೂರು ಸಲ ಹೇಳಿಸಿದರು, ಬರೆದವರನ್ನು ಕರೆಸಿ ಎಂದರು.

ಅಕ್ಕ ಶಟರ್ ಎಳೆದು ಮುಂದಿನ ಲೋಕಲ್ ಹಿಡಿದು ಬಂದರು. ಕೈಬರಹ ಹೋಲಿಸಬೇಕು, ಇದೇ ಸಾಲನ್ನು ಖಾಲಿ ಹಾಳೆಯಲ್ಲಿ ಬರೆಯಿರಿ ಎಂದರು ಅಧಿಕಾರಿ. ಬರೆದರು. ಬರೆದು ಹಾಳೆ ಕೊಡಲಿಲ್ಲ. ಅದರ ಮೇಲೂ ಎರಡು ಗೆರೆ ಎಳೆದು, "ಕೈಬರಹ ಹೋಲಿಸಲು ಮಾತ್ರ" ಎಂದು ಬರೆದು, ಅಧಿಕಾರಿಯ ಹೆಸರು ಕೇಳಿದರು. ಅಲ್ಲಿದ್ದ ಪೇದೆ ಮುಂದೆ ಬಂದು ಹಾಳೆಗೆ ಕೈಚಾಚಿದ. ಅಧಿಕಾರಿ ಮಾತ್ರ ಶಾಲೆಯ ಹುಡುಗನಂತೆ ಎದ್ದು ನಿಂತು ತಮ್ಮ ಹೆಸರು ಹೇಳಿದರು.

ಲಕ್ಷ್ಮೀಕಾಂತ ಅಂದೇ ಸಂಜೆ ಕಲ್ಯಾಣದಲ್ಲಿ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಮಜೂರರ ನಾಕಾದಲ್ಲಿ ಸಿಕ್ಕಿದ. ಕಾರ್ಮಿಕ ಕಾರ್ಡು ಮಾಡಿಸುತ್ತೇನೆಂದು ನಮ್ಮವರಿಂದಲೇ ಒಟ್ಟುಮಾಡಿದ ಕಾಗದದ ಕಟ್ಟನ್ನು ಆ ದಲಾಲನಿಗೆ ಮಾರಿದ್ದ. ಅದರ ಜಾಡು ಹಿಡಿದು ಹೋದಾಗ ಇನ್ನೆರಡು ಖೋಲಿ ಬೆಳಕಿಗೆ ಬಂದವು, ಒಂದರಲ್ಲಿ ಅವರು ಹುಡುಕುತ್ತಿದ್ದವನೇ ಇದ್ದ. ಅಧಿಕಾರಿ ಫೋನಿನಲ್ಲಿ ಹೇಳಿದ್ದು ಇಷ್ಟೇ, ನಾನೂ ಹೆಚ್ಚು ಕೆದಕಲಿಲ್ಲ. ಮರುದಿನ ಮಾಪಣ್ಣ ಮನೆಗೆ ಬಂದ.

ಬಂದನೇನೋ ಸರಿ, ಪೊಲೀಸರು ಒಯ್ದವನು ಬೇಡವೆಂದು ಗುತ್ತಿಗೆದಾರ ಅವನನ್ನು ಕೆಲಸಕ್ಕೆ ಸೇರಿಸಲಿಲ್ಲ. ವಿಷಯ ತಿಳಿದ ಅಧಿಕಾರಿ, ಇವನ ಮೇಲೆ ಯಾವ ಆರೋಪವೂ ಇಲ್ಲ, ತನಿಖೆಗೆ ನೆರವಾಗಿದ್ದಾನೆ ಎಂದು ಸಹಿ ಮಾಡಿದ ಪತ್ರ ಕೊಟ್ಟರು. ಮಾಪಣ್ಣ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಅಕ್ಕನ ಅಂಗಡಿಗೆ ಬಂದು ಆರು ಪ್ರತಿ ಕೇಳಿದ. ಅವನ ಹಿಂದೆ ನಾನಿದ್ದೆ, ಅವಸರವಿಲ್ಲದೆ.

"ನಾ ಸಾಲಿ ಕಲ್ತಿಲ್ರೀ ಅಕ್ಕಾರ," ಎಂದ ಮಾಪಣ್ಣ. "ನೀವು ಅಡ್ಡ ಗೆರಿ ಹೊಡ್ದು ಏನೋ ಬರೀತಿದ್ರಿ. ಅಕ್ಕಾರು ಬರ್ದಾರ, ಚೊಲೋದೇ ಇರ್ತದ ಅಂತ ಒಯ್ತಿದ್ದೆ."

ಅಕ್ಕ ಕಣ್ಣೊರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ, ಇಷ್ಟು ವರ್ಷ ಗೊಣಗಿದ್ದಕ್ಕೆ ಅಲ್ಲೇ ಕೈಮುಗಿದೆ. ಆರು ಪ್ರತಿ ಹೊರಬಂದವು. ಅಕ್ಕ ಅಭ್ಯಾಸದಂತೆ ಪೆನ್ನು ತೆಗೆದು, ಮೊದಲನೆಯದರ ಮೂಲೆಗೆ ಇಟ್ಟು, ಹಾಗೇ ತಡೆದರು. ಆಮೇಲೆ ಪೆನ್ನಿಗೆ ಕ್ಯಾಪ್ ಹಾಕಿದರು.

"ಇದಕ್ಕೆ ಬೇಡ ಮಾಪಣ್ಣ. ಇದನ್ನು ಯಾರು ಬೇಕಾದ್ರೂ ನೋಡ್ಲಿ."

ಗೆರೆಯಿಲ್ಲದ ಆರು ಹಾಳೆಗಳನ್ನು ಅವರು ಎರಡೂ ಕೈಯಿಂದ ಅವನಿಗೆ ಕೊಟ್ಟರು.