ಚಿಕ್ಕಮ್ಮನ ತಿಂಡಿ ಬೋರ್ಡು

ಮೊನ್ನೆ ಹೆದ್ದಾರಿ ಪಕ್ಕದ ಹೋಟೆಲೊಂದರಲ್ಲಿ ಕೂತಾಗ ನನ್ನ ಮುಂದೆ ಮದುವೆ ಆಲ್ಬಮ್ಮಿನಷ್ಟು ದಪ್ಪದ ಮೆನು ಇಟ್ಟು ಹೋದರು. ದೋಸೆಗೇ ಎರಡು ಪುಟ, ಫೋಟೋ ಸಮೇತ. ಅಷ್ಟನ್ನೂ ಓದಿದ ಮೇಲೆ ಇಡ್ಲಿ ಹೇಳಿಬಿಡೋಣ ಅನ್ನಿಸಿತು. ನಿಮಗೂ ಹೀಗೆ ಆಗಿರುತ್ತದೆ, ಇಲ್ಲ ಅನ್ನಬೇಡಿ. ಆಯ್ಕೆ ಹೆಚ್ಚಾದಷ್ಟೂ ಮನುಷ್ಯ ಗೊತ್ತಿರುವುದಕ್ಕೇ ಜೋತುಬೀಳುತ್ತಾನೆ. ಇದನ್ನು ನಾನು ಕಲಿತದ್ದು ತಿಪಟೂರಿನಲ್ಲಿ, ಚಿಕ್ಕಮ್ಮನ ಹೋಟೆಲಿನಲ್ಲಿ.

ಎಪ್ಪತ್ತರ ದಶಕದ ಕೊನೆ. ಕಾಲೇಜು ಓದಲೆಂದು ತುರುವೇಕೆರೆ ಕಡೆಯ ನಮ್ಮೂರಿಂದ ಬಂದು ಚಿಕ್ಕಮ್ಮನ ಮನೆಯಲ್ಲಿದ್ದೆ. ಕೊಬ್ಬರಿ ಮಂಡಿಗಳ ಬೀದಿಯಲ್ಲಿ ಅವರ ಹೋಟೆಲು, ಹಿಂದೆಯೇ ಮನೆ. ಗಲ್ಲಾದಲ್ಲಿ ಚಿಕ್ಕಪ್ಪ, ಒಲೆ ಮುಂದೆ ಚಿಕ್ಕಮ್ಮ. ಆ ವರ್ಷ ಚಿಕ್ಕಪ್ಪ ಸೈಕಲ್ಲಿಂದ ಬಿದ್ದು ಕಾಲು ಮುರಿದುಕೊಂಡರು. ಅದೇ ಹೊತ್ತಿಗೆ ಎದುರಿಗೆ ಹೊಸ ಹೋಟೆಲು ಬಂತು. ಗಾಜಿನ ಬಾಗಿಲು, ಟೇಬಲ್ಲಿಗೊಂದು ಅಚ್ಚು ಹಾಕಿಸಿದ ಮೆನು ಕಾರ್ಡು. ನಮ್ಮ ಬೆಂಚುಗಳು ಖಾಲಿಯಾಗತೊಡಗಿದವು. ಮಂಚದ ಮೇಲಿದ್ದ ಚಿಕ್ಕಪ್ಪ ಹೋಟೆಲು ಮುಚ್ಚಿಬಿಡೋಣ ಎಂದರು. ಚಿಕ್ಕಮ್ಮ ಮರುದಿನ ಬೆಳಿಗ್ಗೆ ತಲೆ ಬಾಚಿ, ಸೆರಗು ಸಿಕ್ಕಿಸಿ, ಹೋಗಿ ಗಲ್ಲಾದಲ್ಲಿ ಕೂತಳು. ಆ ಬೀದಿಯಲ್ಲಿ ಹೆಂಗಸೊಬ್ಬಳು ಗಲ್ಲಾದಲ್ಲಿ ಕೂತದ್ದು ಅದೇ ಮೊದಲು.

ನನ್ನ ಅಕ್ಷರ ದುಂಡಗಿತ್ತು, ಅದರ ಜಂಬವೂ ಇತ್ತು. ಕಪ್ಪು ಹಲಗೆಯೊಂದನ್ನು ತರಿಸಿ ಸೀಮೆಸುಣ್ಣದಲ್ಲಿ ತಿಂಡಿಗಳ ಹೆಸರು ತುಂಬಿಸಿದೆ. ನಾವು ಎಂದೂ ಮಾಡದ ಬಾದಾಮಿ ಹಲ್ವಾವನ್ನೂ ಅಂದಕ್ಕಿರಲಿ ಎಂದು ಸೇರಿಸಿದೆ. ಎಡಕ್ಕೆ ಹೆಸರು, ಬಲಕ್ಕೆ ನೇರ ಸಾಲಿನಲ್ಲಿ ಬೆಲೆ. ಜನ ಬಂದರು, ಕತ್ತೆತ್ತಿ ಓದಿದರು, ಕಾಫಿ ಕುಡಿದು ಹೋದರು. ಚಿಕ್ಕಮ್ಮ ಅವರ ಕಣ್ಣುಗಳನ್ನೇ ನೋಡುತ್ತಿದ್ದಳು. ಎಲ್ಲರೂ ಬಲಗಡೆಯಿಂದಲೇ ಓದುತ್ತಾರೆ, ಕಡಿಮೆ ಬೆಲೆ ಸಿಕ್ಕಿದ ಮೇಲಷ್ಟೇ ತಿಂಡಿಯ ಹೆಸರಿಗೆ ಬರುತ್ತಾರೆ ಎಂದಳು. ನನಗೆ ನಗು ಬಂತು. ನಿಂತು ನೋಡಿದರೆ ನಿಜ.

ಓದು ಬಾರದವರ ಪಾಡು ಬೇರೆ. ಒಂದು ದಿನ ಹುಳಿಯಾರು ಕಡೆಯಿಂದ ಕೊಬ್ಬರಿ ತಂದಿದ್ದ ಯಜಮಾನರೊಬ್ಬರು ಹಲಗೆಯನ್ನು ಬಹಳ ಹೊತ್ತು ಗಂಭೀರವಾಗಿ ನೋಡಿದರು. ಆಮೇಲೆ ಪಕ್ಕದವನ ತಟ್ಟೆ ನೋಡಿದರು. ಕೊನೆಗೆ ಕಾಫಿ ಹೇಳಿದರು.

“ಹಸಿದವ್ರೆ ಕಣೇ ಅವ್ರು, ಕೇಳಕ್ಕೆ ನಾಚ್ಕೆ,” ಅಂದಳು ಚಿಕ್ಕಮ್ಮ. “ಅಳಿಸು ಅದನ್ನ.”

ಅಳಿಸಿದೆ. ಮೂರೇ ತಿಂಡಿ ಉಳಿದವು. ಮೇಲೆ ದೊಡ್ಡದಾಗಿ ‘ಒತ್ತು ಶಾವಿಗೆ, ಕಾಯಿಹಾಲು’ ಎಂದು ಬರೆಸಿದಳು. ಬೆಲೆ ಹೆಸರಿನ ಪಕ್ಕದಲ್ಲೇ, ಚಿಕ್ಕದಾಗಿ. ವಿಷಯ ಒಳಗೆ ಮುಟ್ಟಿ ಚಿಕ್ಕಪ್ಪ ರೇಗಿದರು. ತೆಂಗಿನ ಸೀಮೆಯಲ್ಲಿ ಕಾಯಿಹಾಲು ಮಾರುವುದೇ, ಮನೆಯಲ್ಲಿ ಉಣ್ಣುವುದನ್ನು ಹೋಟೆಲಿನಲ್ಲಿ ಯಾರು ತಿನ್ನುತ್ತಾರೆ ಎಂದರು.

“ಮನೆ ಬಿಟ್ಟು ಬಂದೋರು ತಿಂತಾರೆ ಕಣ್ರೀ,” ಅಂದಳು. ಅಷ್ಟೇ ಅಲ್ಲ, ಕೊಬ್ಬರಿ ಹರಾಜಿನ ದಿನ ಶಾವಿಗೆ ಒರಳನ್ನು ಬಾಗಿಲಿಗೇ ತರುತ್ತೇನೆ, ಜನರ ಕಣ್ಣೆದುರೇ ಒತ್ತುತ್ತೇನೆ ಎಂದಳು. ಸಂತೆಯೆದುರು ಹೆಂಡತಿ ಶಾವಿಗೆ ಒತ್ತುವುದೇ! ಕೂಡದು ಎಂದು ಚಿಕ್ಕಪ್ಪ ಗೋಡೆ ಕಡೆ ತಿರುಗಿ ಮಲಗಿದರು.

ಹರಾಜಿನ ದಿನ ಒರಳು ಬಾಗಿಲಿಗೆ ಬಂತು. ನಾನು ಒರಳಿನ ಕಾಲು ಹಿಡಿದೆ, ಅವಳು ಹಿಡಿಕೆ ತಿರುಗಿಸಿದಳು. ಬೆಂದ ಅಕ್ಕಿಹಿಟ್ಟಿನ ಉಂಡೆ ಬಿಸಿಯಿದ್ದಾಗಲೇ ಒತ್ತಬೇಕು, ಆರಿದರೆ ಕಲ್ಲು. ಆರತೊಡಗಿತ್ತು, ಹಿಡಿಕೆ ತಿರುಗದಾಯಿತು. ಚಿಕ್ಕಮ್ಮನ ಮುಖ ಕೆಂಪಾಯಿತು. ಬೀದಿಯಲ್ಲಿ ಜನ ನಿಂತರು, ಯಾರೋ ನಕ್ಕರು. ಆಗ ಹಿಂದಿನಿಂದ ಊರುಗೋಲಿನ ಸದ್ದು ಕೇಳಿಸಿತು. ಚಿಕ್ಕಪ್ಪ. ಎಲ್ಲರೆದುರು ಬೈಯುತ್ತಾರೆ ಎಂದುಕೊಂಡು ನಾನು ತಲೆ ತಗ್ಗಿಸಿದೆ. ಅವರು ಬೆಂಚಿನ ಮೇಲೆ ಮೆಲ್ಲಗೆ ಕೂತು, ಕಟ್ಟು ಹಾಕಿದ ಕಾಲನ್ನು ಮುಂದಕ್ಕೆ ಚಾಚಿ, ಒರಳನ್ನು ಹತ್ತಿರಕ್ಕೆ ಎಳೆಸಿಕೊಂಡರು.

“ಬುಡು ಇತ್ಲಾಗೆ. ನೀನು ಬಡ್ಸು, ನಾನು ಒತ್ತೀನಿ.”

ಹಬೆಯಾಡುವ ಬಿಳಿ ಎಳೆಗಳು ಬಾಳೆಲೆಗೆ ಇಳಿದವು. ಯಾರೂ ಏನನ್ನೂ ಓದಬೇಕಾಗಲಿಲ್ಲ. ಹುಳಿಯಾರಿನ ಯಜಮಾನರು ಆ ದಿನವೂ ಬಂದಿದ್ದರು. ನೇರ ಬೆರಳು ತೋರಿಸಿ, ನಂಗೂ ಒಂದೆಲೆ ಹಾಕವ್ವ ಎಂದರು. ಎರಡನೆಯ ಸಲವೂ ಹಾಕಿಸಿಕೊಂಡರು.

ಕಾಲು ಕೂಡಿದ ಮೇಲೂ ಚಿಕ್ಕಪ್ಪ ಗಲ್ಲಾಕ್ಕೆ ಮರಳಲಿಲ್ಲ. ಅಲ್ಲಿ ಚಿಕ್ಕಮ್ಮನೇ ಕೂತಳು, ಅವರು ಒರಳಿನ ಹತ್ತಿರ. ಅಮ್ಮಸಂದ್ರದ ಸಿಮೆಂಟು ಫ್ಯಾಕ್ಟರಿಯಲ್ಲಿದ್ದ ಪರವೂರಿನ ಹುಡುಗರು ರಜೆಯ ದಿನ ಬಸ್ಸು ಹತ್ತಿ ಬಂದು ತಿಂದು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಎದುರು ಹೋಟೆಲಿನ ಮಾಲೀಕರೂ ಬಂದರು. ಚಿಕ್ಕಮ್ಮ ಅವರಿಗೆ ಕಾಯಿಹಾಲನ್ನು ಒಂದು ಸೌಟು ಹೆಚ್ಚೇ ಹಾಕಿದಳು.

ಹೆದ್ದಾರಿಯ ಹೋಟೆಲಿನಲ್ಲಿ ಇಷ್ಟೆಲ್ಲ ನೆನೆಯುತ್ತಿರುವಾಗ ವಯಸ್ಸಾದವರೊಬ್ಬರು ಬಂದು ನನ್ನೆದುರು ಕೂತರು. ಆ ದಪ್ಪ ಮೆನುವಿನ ಪುಟಗಳನ್ನು ಎಲ್ಲೂ ನಿಲ್ಲದೆ ಒಂದೇ ಸಮನೆ ಮಗುಚಿದರು. ಸಪ್ಲೈಯರ್ ಬಂದು ನಿಂತ. ಅವರು ಬಾಯಿ ತೆರೆಯುವ ಮೊದಲೇ ನಾನು ಎದ್ದೆ.

“ಯಜಮಾನ್ರೇ, ಬನ್ನಿ, ಒಳಗೆ ಏನು ಮಾಡ್ತಾವ್ರೆ ನೋಡ್ಕೊಂಡು ಬರೋಣ.”

ಅಡುಗೆಮನೆ ಬಾಗಿಲಲ್ಲಿ ಇಬ್ಬರೂ ನಿಂತೆವು. ಒಳಗೆ ಹೆಂಗಸೊಬ್ಬರು ಕಾವಲಿಯ ಮೇಲೆ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಆ ಹಿರಿಯರು ಅದನ್ನೇ ನೋಡಿದರು, ನನ್ನನ್ನು ನೋಡಿದರು.

“ಎರಡು ಕೊಡಮ್ಮ,” ಎಂದೆ ನಾನು, “ಇಲ್ಲೇ ನಿಂತಿರ್ತೀವಿ.”