ಬೆವರಿಗೆ ಇಳಿದ ಹಸಿರು ಬೆಲ್ಟು

ಹರಪನಹಳ್ಳಿಯಿಂದ ಕೊಟ್ಟೂರಿಗೆ ನಮ್ಮ ಮನೆ ಸಾಮಾನು ಲಾರಿ ಹತ್ತಿದ ದಿನ ನಾನು ನನ್ನ ಹಸಿರು ಬೆಲ್ಟನ್ನು ಟ್ರಂಕಿಗೆ ಹಾಕಲಿಲ್ಲ. ಅಂಗಿಯ ಮೇಲೆ ಸೊಂಟಕ್ಕೆ ಬಿಗಿದುಕೊಂಡು, ಡ್ರೈವರನ ಪಕ್ಕ ಎದೆ ಉಬ್ಬಿಸಿ ಕೂತಿದ್ದೆ. ಅವನು ಎರಡು ಸಲ ನನ್ನ ಸೊಂಟ ನೋಡಿ, "ಯಾಕಪ, ಹೊಟ್ಟಿ ನೋವೈತೇನು? ಅಷ್ಟು ಬಿಗಿದು ಕಟ್ಟೀಯಲ್ಲ" ಅಂದ.

ಅಪ್ಪನಿಗೆ ವರ್ಗವಾಗಿತ್ತು. ನಾನಾಗ ಒಂಬತ್ತನೇ ಕ್ಲಾಸು. ಓದಿನಲ್ಲಿ ಹಿಂದಿನ ಬೆಂಚು, ಕಬಡ್ಡಿಯಲ್ಲಿ ಎಲ್ಲರಿಗಿಂತ ಮೊದಲು ಔಟು, ಹಾಡಿದರೆ ನಾಯಿಗಳು ಎದ್ದು ಹೋಗುತ್ತಿದ್ದವು. ಇಡೀ ಭೂಮಿಯ ಮೇಲೆ ನಾನು ದುಡಿದು ಪಡೆದದ್ದು ಅಂತ ಇದ್ದದ್ದು ಆ ಬೆಲ್ಟು ಒಂದೇ. ಹೊಸ ಊರಿನಲ್ಲಿ ನಾನು ಯಾರೆಂದು ಯಾರಿಗೂ ಗೊತ್ತಿಲ್ಲ, ಆದರೆ ಹಸಿರು ಬೆಲ್ಟು ಎಲ್ಲಿ ಹೋದರೂ ಹಸಿರು ಬೆಲ್ಟೇ ಅಂದುಕೊಂಡಿದ್ದೆ.

ಆ ಬೆಲ್ಟು ಹಸಿರಾದದ್ದು ಹೇಗೆಂದು ಹೇಳಿಬಿಡಬೇಕು. ಹರಪನಹಳ್ಳಿಯ ನಮ್ಮ ಗುರು ಹಗಲು ಟೇಲರು, ಸಂಜೆ ಕರಾಟೆ ಮಾಸ್ತರು. ಅಂಗಡಿಯ ಮಾಳಿಗೆಯ ಮೇಲೆ ಕ್ಲಾಸು. ನಮ್ಮ ಡ್ರೆಸ್ಸೂ ಅವರೇ ಹೊಲಿಯುತ್ತಿದ್ದರು, ಬೆಲ್ಟೂ ಅವರೇ. ಪರೀಕ್ಷೆ ಪಾಸಾದವನಿಗೆ ಹೊಸ ಬೆಲ್ಟು ಕೊಡುವ ಪದ್ಧತಿ ಅಲ್ಲಿರಲಿಲ್ಲ. ಹಳೆಯದನ್ನೇ ಬಿಚ್ಚಿಸಿಕೊಂಡು, ಮುಂದಿನ ಬಣ್ಣದ ನೀರಿನಲ್ಲಿ ಕುದಿಸಿ, ಒಣಗಿಸಿ, ತಿರುಗಿ ಕಟ್ಟುತ್ತಿದ್ದರು. ಬಿಳಿಯದು ಹಳದಿಯಾಗುತ್ತಿದ್ದದ್ದು ಅವರ ಮನೆಯ ಅರಿಶಿಣದಲ್ಲಿ, ಹಳದಿಯದು ಹಸಿರಾಗುತ್ತಿದ್ದದ್ದು ಸಂತೆಯಲ್ಲಿ ಸಿಗುವ ಬಣ್ಣದ ಪುಡಿಯಲ್ಲಿ. "ಬೆಲ್ಟ್ ಬದಲಾಗಲ್ಲ ಕಣಲೇ. ಮಾವಿನಕಾಯಿ ಮಾಗಿದಂಗೆ ಮಾಗ್ತಾ ಹೋಗ್ತತಿ" ಅನ್ನುತ್ತಿದ್ದರು. ಮಾವಿನಕಾಯಿ ಹಸಿರಿನಿಂದ ಹಳದಿಗೆ ಹೋಗುತ್ತದೆ, ನಾವು ಹಳದಿಯಿಂದ ಹಸಿರಿಗೆ ಹೋಗುತ್ತಿದ್ದೇವೆ ಎಂದು ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ನಾವು ಊರು ಬಿಡುವ ದಿನ ಅವರು ಹಸಿರು ಪುಡಿಯ ಒಂದು ಪೊಟ್ಟಣ ನನ್ನ ಜೇಬಿಗೆ ತುರುಕಿ, "ಇರ್ಲಿ, ಬೇಕಾಗ್ತತಿ" ಅಂದರು. ಯಾಕೆ ಬೇಕಾಗುತ್ತದೆಂದು ನಾನು ಕೇಳಬೇಕಿತ್ತು.

ಕೊಟ್ಟೂರಿನ ಕರಾಟೆ ಕ್ಲಾಸು ನಡೆಯುತ್ತಿದ್ದದ್ದು ಒಂದು ಮಿಲ್ಲಿನ ಹಿಂದೆ, ಶೇಂಗಾ ಒಣಗಿಸುವ ಸಿಮೆಂಟಿನ ಕಣದಲ್ಲಿ. ಗೋಡೆಯ ಮೇಲೆ ಬಿಳಿ ಕೂದಲಿನ ಒಬ್ಬ ಜಪಾನಿ ಅಜ್ಜನ ಫೋಟೋ. ಅಜ್ಜನ ಸೊಂಟಕ್ಕೆ ಕೆಂಪು ಬೆಲ್ಟು. ಗುರುಗಳಿಗೆಲ್ಲ ಗುರುವಾದವರಿಗೆ ಮಾತ್ರ ಕೆಂಪಂತೆ. ಬಂದವರೆಲ್ಲ ಆ ಕೆಂಪು ಬೆಲ್ಟಿಗೆ ಸೊಂಟ ಬಗ್ಗಿಸಿಯೇ ಕಣಕ್ಕೆ ಕಾಲಿಡಬೇಕು. ಇದು ಗೊತ್ತಿಲ್ಲದ ನಾನು ಚಪ್ಪಲಿ ಬಿಟ್ಟವನೇ ಸೀದಾ ಒಳಗೆ ನುಗ್ಗಿದೆ.

"ಯಾವನಲೇ ಅವ? ಸಂತಿಗಿ ಬಂದಂಗ ಬರಾಕತ್ಯಾನ!"

ಕೂಗಿದವರು ಸರ್. ಹೊಟ್ಟೆಯ ಕೆಳಗೆ ಕಪ್ಪು ಬೆಲ್ಟು, ಕೈಯಲ್ಲಿ ಬೆತ್ತ. ನನ್ನನ್ನು ವಾಪಸ್ ಬಾಗಿಲಿಗೆ ಅಟ್ಟಿ, ಹತ್ತು ಸಲ ಬಗ್ಗಿಸಿ, ಆಮೇಲೆ ಕೇಳಿದರು.

"ಯಾವೂರು?"

"ಹರಪನಹಳ್ಳಿ ಸರ್. ಗ್ರೀನ್ ಬೆಲ್ಟ್."

"ಊರು ಕೇಳೀನಿ. ಬೆಲ್ಟ್ ಕೇಳೀನೇನು? ಯಾರು ಕಲಿಸ್ಯಾರ?"

"ಟೇಲರ್ ಮಾಸ್ತರು ಸರ್."

ಕಣಕ್ಕೆ ಕಣವೇ ನಕ್ಕಿತು. ಮುಂದಿನ ಸಾಲಿನಲ್ಲಿ ಕಂದು ಬೆಲ್ಟಿನ ಒಬ್ಬ ಸೀನಿಯರ್ ಇದ್ದ. ಬಾಗಿಲಿನಷ್ಟು ಅಗಲ. ಅವನು, "ಸರ್, ಇವಗ ಕಾಜಾ ಹಾಕಾಕ ಬರತೈತೇನು ಕೇಳ್ರಿ, ನನ್ನ ಅಂಗಿ ಗುಂಡಿ ಕಿತ್ತೈತಿ" ಅಂದ. ಆ ನಿಮಿಷದಿಂದ ನನ್ನ ಹೆಸರು ಹೋಯಿತು, ನಾನು ಕಾಜಾ ಆದೆ.

"ಹಸಿರು ಸಾಲಿನಾಗ ನಿಂದ್ರು" ಅಂದರು ಸರ್. "ಅಲ್ಲೇ ಉಳಿತೀಯೋ ಇಲ್ಲೋ ನೋಡೋಣು."

ಹಸಿರು ಸಾಲಿನವರು ನನಗೆ ಜಾಗ ಬಿಡಲಿಲ್ಲ. ಎರಡು ಸಲ ನನ್ನ ಕಾಲು ತುಳಿದ ಪಕ್ಕದವನು ಮೂರನೆಯ ಸಲ ಅದರ ಮೇಲೆಯೇ ನಿಂತ. ನಾನು ಹಲ್ಲು ಕಚ್ಚಿ, ಇವರಿಗೆಲ್ಲ ಫೈಟಿನಲ್ಲಿ ತೋರಿಸುತ್ತೇನೆ ಅಂದುಕೊಂಡೆ. ತೋರಿಸಿದೆ. ಸರ್ ನನ್ನ ಎದುರಿಗೆ ನಿಲ್ಲಿಸಿದ್ದು ಆ ಕಂದು ಬೆಲ್ಟಿನವನನ್ನೇ. ನಾನು ಕೂಗಿದ ಕೂಗಿಗೆ ಮಿಲ್ಲಿನ ಪಾರಿವಾಳಗಳೆಲ್ಲ ಎದ್ದು ಕೂಡ್ಲಿಗಿಯ ತನಕ ಹೋಗಿರಬೇಕು. ಒದೆತ ಮಾತ್ರ ಎಲ್ಲಿಗೂ ಹೋಗಲಿಲ್ಲ. ಶೇಂಗಾ ಸಿಪ್ಪೆಯ ಮೇಲೆ ಕಾಲು ಜಾರಿ, ನನ್ನನ್ನು ನಾನೇ ಕೆಡವಿಕೊಂಡೆ. ಎದ್ದೆ, ಅವನು ಕೆಡವಿದ. ಮತ್ತೆ ಎದ್ದೆ. ಬೇಸಿಗೆಯ ಸಂಜೆ, ಕಾದ ಸಿಮೆಂಟು, ಮೈಯೆಲ್ಲ ಬೆವರಿನ ಕಾಲುವೆ.

"ಲೇ, ನೋಡ್ರಲೇ, ಕಾಜಾನ ಪಿತ್ತ ಒಡದೈತಿ!"

ಸಾಲಿನಿಂದ ಯಾರೋ ಕೂಗಿದರು. ಬಗ್ಗಿ ನೋಡಿಕೊಂಡೆ. ನನ್ನ ಬಿಳಿ ಪ್ಯಾಂಟಿನ ಮೇಲೆ ಸೊಂಟದಿಂದ ಮೊಣಕಾಲಿನವರೆಗೆ ಹಸಿರು ಹರಿದಿತ್ತು.

ಸರ್ ಬಂದು ಬೆಲ್ಟಿನ ತುದಿ ಹಿಡಿದು ತಿಕ್ಕಿ, ತಮ್ಮ ಹೆಬ್ಬೆರಳು ನೋಡಿಕೊಂಡರು. ಹಸಿರು ಹೆಬ್ಬೆರಳು. "ಏನಲೇ ಇದು?"

ನಾನು ಹೇಳಿದೆ. ಕುದಿಸುವುದು, ಒಣಗಿಸುವುದು, ಮಾವಿನಕಾಯಿ, ಒಂದನ್ನೂ ಬಿಡಲಿಲ್ಲ. ಮಧ್ಯದಲ್ಲಿ ನಿಲ್ಲಿಸಬಹುದಿತ್ತು, ಆದರೆ ನನ್ನ ಬಾಯಿಗೆ ಆ ಅಭ್ಯಾಸವಿಲ್ಲ.

"ಅಂದ್ರ ನಿನ್ನ ಗ್ರೇಡು ಪೊಟ್ಟಣದಾಗಿನ ಪುಡಿ" ಅಂದರು ಸರ್. ಬೆತ್ತದಿಂದ ನಳ ತೋರಿಸಿದರು. "ಹೋಗು. ಸೋಪು ಹಚ್ಚಿ ತೊಳಿ. ಯಾವ ಬಣ್ಣಕ್ಕ ಬಂದು ನಿಂದ್ರತೈತೋ ಅದ ನಿನ್ನ ಗ್ರೇಡು."

ನಳದ ಹತ್ತಿರ ಹಮಾಲರು ಬಟ್ಟೆ ಒಗೆಯುವ ಸೋಪಿನ ತುಂಡೊಂದು ಬಿದ್ದಿತ್ತು. ನಾನು ಬೆಲ್ಟಿನ ಮೇಲೆ ಅದನ್ನು ಆಡಿಸಿದೆನೇ ಹೊರತು ತಿಕ್ಕಲಿಲ್ಲ. ಎರಡು ವರ್ಷದ ಪಂಚು, ಕಿಕ್ಕು, ಮಾಳಿಗೆಯ ಬಿಸಿಲು, ಎಲ್ಲ ಆ ಹಸಿರಿನಲ್ಲಿತ್ತು. ಸೀನಿಯರ್ ಬಂದು, "ಕೂಸಿಗಿ ಎರಿಯಾಕತ್ತೀಯೇನು?" ಎಂದು ಕಿತ್ತುಕೊಂಡು, ಕಲ್ಲಿನ ಮೇಲೆ ಹಾಕಿ ತಾನೇ ಉಜ್ಜಿದ. ಹಸಿರು ನೊರೆ ಗಟಾರಕ್ಕೆ ಹೋಯಿತು. ನಾನು ಬಿಕ್ಕಿದೆ ಅಂತ ಆಮೇಲೆ ಎಲ್ಲರೂ ಹೇಳಿದರು. ಸುಳ್ಳು. ಕಣ್ಣಿಗೆ ಸೋಪು ಹೋಗಿತ್ತು. ಬರೀ ಎಡಗಣ್ಣಿಗೆ.

ಹಳದಿಯಾದರೂ ಉಳಿಯಲಿ ಎಂದು ನಾನು ಬೇಡುತ್ತಿರುವಾಗಲೇ, ಸೀನಿಯರ್‌ನ ಕೈ ನಿಂತಿತು. ಬೆಲ್ಟು ಕೆಂಪಾಗತೊಡಗಿತ್ತು. ಅರಿಶಿಣದ ನೀರಿಗೆ ಸುಣ್ಣ ಹಾಕಿದರೆ ಓಕುಳಿ ಕೆಂಪಾಗುವುದನ್ನು ಪ್ರತಿ ಮದುವೆಯಲ್ಲೂ ನೋಡಿದ್ದೆ. ಒಗೆಯುವ ಸೋಪೂ ಅದೇ ಕೆಲಸ ಮಾಡುತ್ತದೆಂದು ಆವತ್ತು ಕಲಿತೆ. ತುದಿಯಿಂದ ತುದಿಗೆ ಕೆಂಪು. ಎಲ್ಲರೂ ಬೆಲ್ಟು ನೋಡಿದರು, ಗೋಡೆಯ ಅಜ್ಜನನ್ನು ನೋಡಿದರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ನಾನಾಗುತ್ತಿರಲಿಲ್ಲ. ಆ ಒದ್ದೆ ಬೆಲ್ಟನ್ನು ಸೊಂಟಕ್ಕೆ ಕಟ್ಟಿಕೊಂಡು, ಸರ್ ಮುಂದೆ ಹೋಗಿ ನಿಂತೆ.

"ನಿಂತ ಬಣ್ಣನೇ ಗ್ರೇಡು ಅಂದ್ರಲ್ಲ ಸರ್. ಈಗ ನೀವು ನನಗೆ ಬಗ್ಗಬೇಕು."

ಬಿಳಿ ಸಾಲಿನಲ್ಲಿ ಇಬ್ಬರು ರೂಢಿಯಲ್ಲಿ ಬಗ್ಗಿಯೂ ಬಿಟ್ಟರು. ಸರ್ ಬಗ್ಗಲಿಲ್ಲ. ಬೆತ್ತ ಬಗ್ಗಿತು.

"ಗುರುಗಳ ಮುಂದ ಅಣಕ ಮಾಡ್ತೀಯೇನಲೇ!" ಹೊತ್ತು ಮುಳುಗುವವರೆಗೆ ನನ್ನಿಂದ ಬಸ್ಕಿ ಹೊಡೆಸಿದರು. ಸೀನಿಯರ್ ಗಟ್ಟಿಯಾಗಿ ಎಣಿಸುತ್ತಿದ್ದ. ನಲವತ್ತಾದ ಮೇಲೆ ಮತ್ತೆ ಮೂವತ್ತೊಂದಕ್ಕೆ ಹೋಗುತ್ತಿದ್ದ. ಕೊನೆಗೆ ಸರ್ ಹೇಳಿದರು: "ನಾಳಿ ಕೆಂಪು ಇತ್ತಂದ್ರ ಕಣಕ್ಕ ಕಾಲಿಡಬ್ಯಾಡ. ತಿರುಗಿ ಹಸಿರು ಹಚ್ಕೊಂಡು ಬಂದ್ಯೋ, ಕಾಲ ಮುರೀತೀನಿ."

ಮನೆಯಲ್ಲಿ ಅವ್ವ ನನ್ನ ಸೊಂಟ ನೋಡಿ, "ಅಯ್ಯ ನನ ಮಗನ, ರಕ್ತ!" ಎಂದು ಕೂಗಿ, ಆಮೇಲೆ ಮೂಸಿ ನೋಡಿ, ಬಚ್ಚಲಿಗೆ ಒಯ್ದು ನಾಲ್ಕು ನೀರಿನಲ್ಲಿ ಜಾಲಿಸಿದಳು. ಸೋಪು ಹೋದಂತೆ ಕೆಂಪೂ ಹೋಯಿತು. ಹಳದಿ ಬಂತು, ಅಲ್ಲಲ್ಲಿ ಕರೆ, ಮುದಿ ಬಾಳೆ ಎಲೆಯ ಹಾಗೆ.

"ಆ ಹಸಿರು ಪುಡಿ ಐತಲ್ಲ, ಕುದಿಸಿ ಕೊಡ್ಲೇನು?" ಅಂದಳು.

ಪೊಟ್ಟಣ ಬಿಚ್ಚಿ ಒಲೆಯ ಮುಂದೆ ಕೂತೆ. ನೀರು ಕುದಿಯಿತು. ಪುಡಿ ಹಾಕಲಿಲ್ಲ. ದೊಡ್ಡ ಗುಣದಿಂದಲ್ಲ, ಕಾಲಿನ ಮೇಲಿನ ಪ್ರೀತಿಯಿಂದ. ಆದರೆ ಅಷ್ಟೇ ಅಲ್ಲ. ಆ ಬಾಗಿಲಗಲದ ಸೀನಿಯರ್ ಕಲ್ಲಿಗೆ ಹಾಕಿ ಉಜ್ಜಿದರೂ ಟೇಲರ್ ಮಾಸ್ತರ ಮನೆಯ ಅರಿಶಿಣ ಹೋಗಿರಲಿಲ್ಲ. ಅದನ್ನು ಮುಚ್ಚಲು ನನಗೆ ಕೈ ಬರಲಿಲ್ಲ.

ಮರುದಿನ ಹೋದೆ. ಫೋಟೋಗೆ ಬಗ್ಗಿದೆ. ಸರ್ ಬೆಲ್ಟಿನ ತುದಿಯನ್ನು ಹೆಬ್ಬೆರಳಿನಿಂದ ತಿಕ್ಕಿದರು, ಬೆರಳು ನೋಡಿಕೊಂಡರು. ಏನೂ ಹತ್ತಿರಲಿಲ್ಲ. ಎಂಜಲು ಹಚ್ಚಿ ಮತ್ತೊಮ್ಮೆ ತಿಕ್ಕಿದರು. ಹತ್ತಲಿಲ್ಲ. ಅದರಿಂದ ಅವರಿಗೆ ಬಹಳ ಬೇಸರವಾದಂತೆ ಕಂಡಿತು.

"ಹಳದಿ ಸಾಲಿನ ಕೊನಿಗಿ ನಿಂದ್ರು" ಅಂದರು.

ಎರಡು ವರ್ಷ ಹಿಂದಕ್ಕೆ ಹೋಗಿ ನಿಂತೆ. ನನ್ನ ಜೋಡಿ ಫೈಟಿಗೆ ಯಾರೂ ಬರಲಿಲ್ಲ. "ಬ್ಯಾಡ್ರಿ ಸರ್, ಇವನ ಬಣ್ಣ ನನ್ನ ಡ್ರೆಸ್ಸಿಗಿ ಹತ್ತತೈತಿ" ಅನ್ನುತ್ತಿದ್ದರು. ಆ ಬೇಸಿಗೆ ಇಡೀ ನಾನು ಮಿಲ್ಲಿನ ಗೋಡೆಯ ಜೊತೆ ಫೈಟ್ ಮಾಡಿದೆ, ಅದರಲ್ಲೂ ಹೆಚ್ಚು ಸಲ ಗೆದ್ದದ್ದು ಗೋಡೆಯೇ. ಆದರೂ ಒಂದು ದಿನವೂ ತಪ್ಪಿಸಲಿಲ್ಲ. ದಿನಾ ಬಾಗಿಲಲ್ಲಿ ನಿಂತು ಆ ಕೆಂಪು ಬೆಲ್ಟಿನ ಅಜ್ಜನಿಗೆ ಬಗ್ಗುತ್ತಿದ್ದೆ. ಬಗ್ಗಿದಾಗಲೆಲ್ಲ ಒಂದೇ ಆಸೆ: ಇವರದನ್ನೂ ಒಂದು ಸಲ ಆ ನಳದ ಕೆಳಗೆ ಹಾಕಿ ನೋಡಬೇಕು.